ಎಮ್ಮೆ ಕೊಟ್ಟು ಕಾರು ಕಟ್ಟಿ ನೋಡಿದ್ದು

ನವನಗರದ ನಮ್ಮ ಮನೆಯ ಮುಂದೆ ಒಂದು ಎಮ್ಮೆ ಕಟ್ಟಬಹುದು, ಇಲ್ಲವೆ ಒಂದು ಕಾರು ನಿಲ್ಲಿಸಬಹುದು. ಎರಡಕ್ಕೂ ಜಾಗವಿಲ್ಲ. ಹಳೇ ಬಾಗಲಕೋಟೆ ಅಣೆಕಟ್ಟಿನ ಹಿನ್ನೀರಿಗೆ ಹೋದಾಗ ನಮಗೆ ಈ ಜಾಗ ಅಳೆದು ಕೊಟ್ಟವರು ಮನುಷ್ಯರನ್ನು ಎಣಿಸಿದ್ದರು, ಎಮ್ಮೆಗಳನ್ನು ಎಣಿಸಿರಲಿಲ್ಲ. ನಾನೇ ಗೇಟಿನ ಪಕ್ಕ ತಗಡು ಹಾಕಿಸಿ ಕೊಟ್ಟಿಗೆ ಮಾಡಿಕೊಂಡೆ. ಗಂಡ ಸತ್ತ ಮೇಲೆ ಆ ತಗಡಿನ ಕೆಳಗೆ ನಿಂತ ಎಮ್ಮೆಯೇ ನನ್ನ ಕೈಗೆ ರೊಕ್ಕ ಕೊಡುತ್ತ ಬಂದದ್ದು. ಓಣಿಯ ಅರ್ಧ ಮನೆಗಳಿಗೆ ಹಾಲು ನಮ್ಮದೇ. ಮಗನಿಗೆ ನೌಕರಿ ಇದೆ, ಅವನ ಪಗಾರ ಅವನ ಸಂಸಾರಕ್ಕೆ. ನನ್ನ ಎಲೆ ಅಡಿಕೆಗೆ, ನನ್ನ ಔಷಧಕ್ಕೆ, ಮನೆಗೆ ಬಂದ ಮಕ್ಕಳ ಕೈಯಲ್ಲಿ ಏನಾದರೂ ಇಡುವುದಕ್ಕೆ ನಾನು ಯಾರ ಮುಂದೆಯೂ ಕೈ ಚಾಚಿದವಳಲ್ಲ.

ಹೀಗಿರುವಾಗ ಮಗನಿಗೆ ಕಾರಿನ ಹುಚ್ಚು ಹಿಡಿಯಿತು.

ಹಿಡಿದದ್ದು ಬಾದಾಮಿಯಲ್ಲಿ. ಅವನ ಷಡ್ಡಕ, ಅಂದರೆ ನನ್ನ ಸೊಸೆಯ ತಂಗಿಯ ಗಂಡ, ಅಲ್ಲಿ ಹೊಸ ಮನೆ ಕಟ್ಟಿಸಿ ವಾಸ್ತುಶಾಂತಿ ಇಟ್ಟುಕೊಂಡಿದ್ದ. ಮಗ ಸೊಸೆ ಮೋಟರ್ ಸೈಕಲ್ಲಿನ ಮೇಲೆ ಹೋದರು. ಗೇಟಿನ ಮುಂದೆ ಕಾರುಗಳ ಸಾಲು. ಯಾರೋ ಬಂದು, ಗಾಡಿಯನ್ನು ಹಿಂದುಗಡೆ ಅಡುಗೆಯವರ ಪಾತ್ರೆಗಳ ಹತ್ತಿರ ಹಚ್ಚಿರಿ ಎಂದರಂತೆ. ಹಚ್ಚಿದ. ಅಲ್ಲಿ ಹಚ್ಚಿದ್ದು ಬರೀ ಗಾಡಿಯಲ್ಲ, ಅವನ ಮಾನವನ್ನೂ ಅಲ್ಲಿಯೇ ಹಚ್ಚಿ ಬಂದ. ಮನೆಗೆ ಬಂದವನು ನೇರವಾಗಿ ಷಡ್ಡಕನ ಹೆಸರು ಎತ್ತಲಿಲ್ಲ. ನನ್ನ ಮೊಣಕಾಲಿನ ಹೆಸರು ಎತ್ತಿದ. ಅಲ್ಲಿಯವರೆಗೆ ಅವು ನನ್ನ ಹತ್ತಿರ ಸುಮ್ಮನೆ ನೋಯುತ್ತ ಇದ್ದವು, ಯಾರೂ ವಿಚಾರಿಸಿರಲಿಲ್ಲ. ಈಗ ಊಟಕ್ಕೆ ಕುಳಿತರೆ ಮೊಣಕಾಲು, ಚಹಾಕ್ಕೆ ಕುಳಿತರೆ ಮೊಣಕಾಲು.

“ನಿನ್ನ ಸಲುವಾಗಿನ ನೋಡ ಯವ್ವಾ. ಬಸ್ ಹತ್ತಾಕ ನಿನಗ ಎಷ್ಟು ತ್ರಾಸು.”

“ನನಗೇನ ತ್ರಾಸು? ಹೆಣಮಕ್ಕಳಿಗೆ ಬಸ್ ಪುಕ್ಕಟ ಐತಿ. ಕಂಡಕ್ಟರ ಬೈಕೋತ ಕೈ ಹಿಡದ ಎಳಕೊಳ್ತಾನ. ನಿನ್ನ ಕಾರಿನಾಗ ಯಾರ ಎಳಕೊಳ್ಳಾವ್ರು?”

ಸೊಸೆಗೂ ಆಸೆ ಇತ್ತು. ಅವಳ ತವರು ಇಳಕಲ್ಲು. ಅಲ್ಲಿ ತಂಗಿ ಕಾರಿನಿಂದ ಮಡಿಕೆ ಮುರಿಯದ ಸೀರೆಯಲ್ಲಿ ಇಳಿಯುತ್ತಾಳೆ, ಇವಳು ಬಸ್ಸಿನಿಂದ ಮುದ್ದೆಯಾಗಿ ಇಳಿಯುತ್ತಾಳೆ. ಅವಳು ಮೊಣಕಾಲಿನ ಸುದ್ದಿಗೆ ಹೋಗಲಿಲ್ಲ, ಬುದ್ಧಿವಂತೆ. ಕೊಟ್ಟಿಗೆ ಬಳಿಯುತ್ತಿದ್ದ ನನ್ನ ಹತ್ತಿರ ಬಂದು ನಿಂತು, “ಕಾರು ಸಗಣಿ ಹಾಕೂದಿಲ್ರಿ ಅತ್ತಿ” ಅಂದಳು.

“ಹಾಲೂ ಕೊಡೂದಿಲ್ಲ.”

“ಒದಿಯೂದಿಲ್ರಿ.”

“ಅದನ್ನ ನಿನ್ನ ಗಂಡನ್ನ ಕೇಳು, ಪೆಟ್ರೋಲ್ ಹಾಕಿಸಿಕೊಂಡ ಬಂದ ದಿವಸ.”

ಅವಳು ನಕ್ಕಳು. ನಗುವ ಸೊಸೆಯನ್ನು ನಂಬಬಾರದು ಎಂದು ನನಗೆ ಆಗ ಹೊಳೆಯಬೇಕಿತ್ತು.

ಹೊಸ ಕಾರು ಕೊಳ್ಳುವ ತಾಕತ್ತು ಮಗನಿಗಿಲ್ಲ. ಹುನಗುಂದದಲ್ಲಿ ಒಬ್ಬ ರಿಟಾಯರ್ ಆದ ಮಾಸ್ತರರ ಕಾರು ಮಾರಾಟಕ್ಕಿದೆ ಎಂದು ಫೋನಿನಲ್ಲಿ ಹುಡುಕಿ ತೆಗೆದ. ಸೋವಿ. ಯಾಕೆ ಸೋವಿ ಎಂದರೆ ವಯಸ್ಸಾಗಿದೆ. ಹದಿನೈದು ವರ್ಷ ತುಂಬಿದ ಮೇಲೆ ಆರ್‌ಟಿಓ ಆಫೀಸಿಗೆ ಕರೆದುಕೊಂಡು ಹೋಗಿ ಅದಕ್ಕೆ ಮತ್ತೆ ಐದು ವರ್ಷ ಆಯುಷ್ಯ ಬರೆಸಿಕೊಂಡು ಬರಬೇಕಂತೆ. ಮಾಸ್ತರರು ಬರೆಸಿಕೊಂಡು ಬಂದಿದ್ದರಂತೆ. ಆಯುಷ್ಯ ಬರೆಸಿಕೊಳ್ಳುವ ಆಫೀಸು ಇದೆ ಎಂದು ಮೊದಲೇ ಗೊತ್ತಿದ್ದರೆ ನನ್ನ ಗಂಡನನ್ನೂ ಒಮ್ಮೆ ಕರೆದುಕೊಂಡು ಹೋಗುತ್ತಿದ್ದೆ.

ನೋಡಲು ಹೊರಟಾಗ ನಾನೂ ಬರುತ್ತೇನೆಂದೆ. ಮೊಣಕಾಲು ನನ್ನವಲ್ಲವೇ. ಕೆರೂರಿನಲ್ಲಿರುವ ನನ್ನ ತಮ್ಮನಿಗೂ ಬರಹೇಳಿದೆ. ಅವನು ಜೀವನವೆಲ್ಲ ದನದ ಸಂತೆಯಲ್ಲಿ ದಲಾಲಿ ಮಾಡಿದವನು. ನಮ್ಮ ಮನೆತನದಲ್ಲಿ ನಾಲ್ಕು ಕಾಲಿನ ಯಾವುದನ್ನೂ ಅವನನ್ನು ಬಿಟ್ಟು ಕೊಂಡಿಲ್ಲ. ಕಾರಿಗೂ ನಾಲ್ಕೇ ಎಂದು ನಾನು ಲೆಕ್ಕ ಹಾಕಿದೆ. ಇದಕ್ಕಿಂತ ದೊಡ್ಡ ತಪ್ಪು ಲೆಕ್ಕ ನಾನು ಹಾಕಿಲ್ಲ.

ಮಾಸ್ತರರ ಕಾರು ಅಂಗಳದಲ್ಲಿ ಮುಸುಕು ಹಾಕಿಕೊಂಡು ನಿಂತಿತ್ತು. ಮುಸುಕನ್ನು ಅವರ ಹೆಂಡತಿ ಹಳೆಯ ಇಳಕಲ್ ಸೀರೆಗಳನ್ನು ಕೂಡಿಸಿ ಹೊಲಿದಿದ್ದಳು. ಮಾಸ್ತರರು ಮದುಮಗಳ ಸೆರಗು ಸರಿಸಿದ ಹಾಗೆ ಅದನ್ನು ಮೆಲ್ಲಗೆ ಸರಿಸಿದರು. ಒಳಗೆ ಬಿಳಿ ಬಣ್ಣದ್ದೊಂದು ಸಣ್ಣ ಕಾರು, ಹಲ್ಲಿನ ಹಾಗೆ ಹಳದಿಯಾಗಿತ್ತು.

“ಒಂದ ಕೈ ಗಾಡಿ ನೋಡ್ರಿ. ನಾ ಬಿಟ್ಟು ಯಾರೂ ಮುಟ್ಟಿಲ್ಲ. ಕೂಡಲಸಂಗಮಕ್ಕ ಹೋಗೂದು, ಬರೂದು. ಅಷ್ಟ.”

ತಮ್ಮ ಅದರ ಸುತ್ತ ಒಂದು ಸುತ್ತು ಹಾಕಿದ. ಹಿಂದೆ ನಿಂತು ಹಿಂಭಾಗ ನೋಡಿದ, ಮುಂದೆ ಬಂದು ಮೂತಿ ನೋಡಿದ, ಟಯರಿಗೆ ಕಾಲಿನಿಂದ ಒದ್ದ. “ಬೇಸಗಿಯಾಗ ತೇಕತೈತೇನ್ರಿ?” ಎಂದು ಕೇಳಿದ.

“ಏರಿನಾಗ ಸ್ವಲ್ಪ” ಎಂದರು ಮಾಸ್ತರರು.

“ನೀರ ಜಗ್ಗಿ ಕುಡೀತೈತಿ ಹಂಗಾರ.”

“ಕುಡೀತೈತ್ರಿ. ಆದ್ರ ಸ್ವಭಾವ ಭಾಳ ಚಲೋ.”

ಮಗ ನಡುವೆ ಬಾಯಿ ಹಾಕಿ ಫೋನಿನಲ್ಲಿ ಓದಿಕೊಂಡು ಬಂದದ್ದನ್ನೆಲ್ಲ ಕೇಳಲು ಹೋದ. ಇಬ್ಬರು ಮುದುಕರೂ ಅವನ ಕಡೆಗೆ ನೋಡಲಿಲ್ಲ. ಅಷ್ಟರಲ್ಲಿ ಮಾಸ್ತರರ ಹೆಂಡತಿ ನನ್ನನ್ನು ಚಹಾಕ್ಕೆ ಒಳಗೆ ಕರೆದಳು. ಒಳ್ಳೆಯ ಹೆಂಗಸು, ಆದರೆ ಬಾಯಿ ತೆಗೆದರೆ ಹಾಲಿನ ಸುದ್ದಿ. ಪ್ಯಾಕೆಟ್ ಹಾಲು ಕುಡಿದು ಕುಡಿದು ನಾಲಿಗೆ ಸತ್ತು ಹೋಗಿದೆ, ಮನೆಯಲ್ಲಿ ಒಂದು ಎಮ್ಮೆ ಇರಬೇಕೆಂದು ಮದುವೆಯಾದಾಗಿನಿಂದ ಆಸೆ, ಇವರಿಗೆ ಕಾರೇ ಆಯಿತು ಎಂದಳು. ನಾನು ಕರುಣೆಯಿಂದ ಹೂಂ ಹೂಂ ಎಂದೆ.

ಹೊರಗೆ ಬಂದಾಗ ನನ್ನ ತಮ್ಮನೂ ಮಾಸ್ತರರೂ ಎದುರುಬದುರು ಕುಳಿತಿದ್ದರು. ಇಬ್ಬರ ಬಲಗೈಗಳ ಮೇಲೆ ತಮ್ಮನ ಟವೆಲ್ ಬಿದ್ದಿತ್ತು. ದನದ ಸಂತೆಯಲ್ಲಿ ವ್ಯವಹಾರ ಹೀಗೆಯೇ. ಬೆಲೆಯನ್ನು ಬಾಯಿಂದ ಆಡುವುದಿಲ್ಲ, ಟವೆಲ್ಲಿನ ಕೆಳಗೆ ಬೆರಳು ಹಿಡಿದು ತಿಳಿಸುತ್ತಾರೆ, ಸುತ್ತಲಿನವರಿಗೆ ಗೊತ್ತಾಗಬಾರದು. ಮಾಸ್ತರರೂ ಒಕ್ಕಲುತನದ ಮನೆಯವರು, ಬೆರಳಿನ ಭಾಷೆ ಬಲ್ಲವರು. ಇಬ್ಬರ ಮುಖದಲ್ಲೂ ಪೂಜೆಗೆ ಕುಳಿತವರ ಗಾಂಭೀರ್ಯ. ಮಗ ಪಕ್ಕದಲ್ಲಿ ನಿಂತು ಟವೆಲ್ ಅಲುಗಾಡುವುದನ್ನು ನೋಡುತ್ತಿದ್ದ.

ತಮ್ಮ ಟವೆಲ್ ಝಾಡಿಸಿ ಹೆಗಲಿಗೆ ಹಾಕಿಕೊಂಡ. “ಆತಕ್ಕಾ. ಸಾಟಿ ಆತು.”

“ಏನ ಸಾಟಿ?”

“ಎಮ್ಮಿಗೆ ಕಾರು. ಮ್ಯಾಲೊಂದಿಷ್ಟು ರೊಕ್ಕ ಇವ ಕೊಡ್ತಾನ.”

ನನ್ನ ಎಮ್ಮೆ ಬಾಗಲಕೋಟೆಯಲ್ಲಿ ಕಣಿಕೆ ತಿನ್ನುತ್ತಿತ್ತು. ಅದನ್ನು ಹುನಗುಂದದ ಮಾಸ್ತರರು ನೋಡಿದ್ದಾದರೂ ಯಾವಾಗ ಎಂದು ಕೇಳಿದೆ. ಮಗ ಫೋನು ಹಿಂದಕ್ಕೆ ಸರಿಸಿದ. ಕಸಿದುಕೊಂಡು ನೋಡಿದೆ. ಅದರಲ್ಲಿ ಹೆತ್ತ ತಾಯಿಯ ಫೋಟೋ ಒಂದೂ ಇಲ್ಲ. ಎಮ್ಮೆಯದು ಮುಂದಿನಿಂದ, ಹಿಂದಿನಿಂದ, ಎರಡೂ ಪಕ್ಕದಿಂದ, ಕೆಚ್ಚಲು ಬೇರೆ ಕಾಣುವ ಹಾಗೆ.

“ಮೊದಲ ವಿಚಾರ ಮಾಡೇ ಬಂದೀರಿ ಹಂಗಾರ.”

“ನಿನ್ನ ಮೊಣಕಾಲ ಸಲುವಾಗಿ ಯವ್ವಾ…”

“ಮೊಣಕಾಲ ಸುದ್ದಿ ಇನ್ನೊಮ್ಮೆ ತಗದ್ರ ಅದ ಮೊಣಕಾಲಲೇ ಬೆನ್ನಿಗೆ ಕೊಡ್ತೇನಿ.”

ತಮ್ಮ ನಡುವೆ ಬಂದ. ಸಾಟಿಯೆಂದರೆ ಇವತ್ತೇ ಮುಗಿದು ಹೋಗುವುದಲ್ಲ. ದನವನ್ನು ಬದಲಿಸಿಕೊಂಡರೆ ಎಂಟು ದಿನ ಮನೆಯಲ್ಲಿ ಕಟ್ಟಿ ನೋಡುತ್ತಾರೆ, ಕಾಗದಪತ್ರ ಏನಿದ್ದರೂ ಆಮೇಲೆ. ಹೊಂದದಿದ್ದರೆ ಹಿಂದಕ್ಕೆ ಕೊಡಬಹುದು. ಆದರೆ ಯಾರು ಮೊದಲು ಬೇಡವೆನ್ನುತ್ತಾರೋ ಅವರೇ ಸಾಗಿಸುವ ಖರ್ಚು ಹಾಕಬೇಕು, ದಲಾಲಿಯ ಮುಂದೆ ಬಾಯಿ ಬಿಟ್ಟು ಬೇಡವೆಂದು ಹೇಳಬೇಕು. ಕಾರಿಗೂ ಇದೇ ಪದ್ಧತಿಯೆಂದು ಅವರು ಟವೆಲ್ಲಿನ ಕೆಳಗೆ ಒಪ್ಪಿಕೊಂಡಿದ್ದರು. ಹಿಡಿದ ಬೆರಳನ್ನು ಎಲ್ಲರ ಮುಂದೆ ಬಿಡಿಸಿದರೆ ತಮ್ಮ ಕೆರೂರ ಸಂತೆಯಲ್ಲಿ ಮತ್ತೆ ಮುಖ ಎತ್ತುವ ಹಾಗಿಲ್ಲ. ಅದೊಂದೇ ಕಾರಣಕ್ಕೆ ನಾನು ಸುಮ್ಮನಾದೆ. ಎಂಟು ದಿನ ಸಾಕು, ಕಾರಿನ ಯೋಗ್ಯತೆ ತಾನೇ ಹೊರಬೀಳುತ್ತದೆ ಎಂದುಕೊಂಡೆ.

ಮರುದಿನ ಟೆಂಪೋ ಬಂದು ಎಮ್ಮೆಯನ್ನು ಒಯ್ದಿತು. ಮಗ ಕಾರು ತಂದ. ಸೊಸೆ ಆರತಿ ಮಾಡಿದಳು, ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟಳು. ತಗಡಿನ ಕೆಳಗೆ ಕಾರನ್ನು ತೂರಿಸಿದಾಗ ಅದರ ಮೂತಿ ಸರಿಯಾಗಿ ಮೇವಿನ ಗ್ವಾದಲಿಗೆ ತಾಗಿ ನಿಂತಿತು. ಹಸಿದ ದನದ ಹಾಗೆಯೇ ಕಂಡಿತು.

ಎರಡನೆಯ ದಿನ ಬೆಳಿಗ್ಗೆ ನಮ್ಮ ಮನೆಯಲ್ಲಿ ಕಾರು ಚಾಲೂ ಆಗಲಿಲ್ಲ. ಅದೇ ಹೊತ್ತಿಗೆ ಹುನಗುಂದದಲ್ಲಿ ಎಮ್ಮೆ ಹಾಲು ಇಳಿಸಲಿಲ್ಲ. ಮಗ ಮಾಸ್ತರರಿಗೆ ಫೋನು ಹಚ್ಚಿದರೆ ಅವರೂ ಇವನಿಗೇ ಹಚ್ಚುತ್ತಿದ್ದರು, ಇಬ್ಬರಿಗೂ ಹತ್ತಲಿಲ್ಲ. ಹತ್ತಿದಾಗ ಮಾಸ್ತರರು ಸಾಲೆಯಲ್ಲಿ ಪಾಠ ಹೇಳಿದ ಹಾಗೆ ಹೇಳಿದರು.

“ಚಾವಿ ಅರ್ಧಾ ತಿರುವಿ ಸುಮ್ಮ ಕುಂದರ್ರಿ. ಗಡಬಡಿ ಮಾಡಬ್ಯಾಡ್ರಿ, ಅದಕ್ಕ ಸಿಟ್ಟ ಬರ್ತೈತಿ. ಆಮ್ಯಾಲೆ ಎಕ್ಸಲೇಟರ್ ಒಮ್ಮೆ ಒತ್ತಿ ಪೂರ್ತಿ ತಿರುವ್ರಿ. ಎರಡನೇ ಸಲ ಒತ್ತಿದ್ರ ಮುಗೀತು, ಮಧ್ಯಾಹ್ನತನಾ ಏಳೂದಿಲ್ಲ.”

ಮಗ ಎರಡನೇ ಸಲ ಆಗಲೇ ಒತ್ತಿದ್ದ.

ಫೋನು ನನ್ನ ಕೈಗೆ ಬಂತು. ಆ ಕಡೆ ಮಾಸ್ತರರ ಹೆಂಡತಿ. “ಯಕ್ಕಾರ, ಎಮ್ಮಿ ನಿಂತೈತ್ರಿ, ನೋಡತೈತ್ರಿ, ಹಾಲ ಮಾತ್ರ ಬಿಡವಲ್ದು.”

“ಯಾರ ಹಿಂಡಾಕ ಕುಂತಾರ?”

“ಇವರ್ರಿ.”

“ಏನಂತ ಮಾತಾಡಸ್ತಾರ?”

“ಬಾರಮ್ಮಾ, ನಿಲ್ಲಮ್ಮಾ, ಜಾಣಿ ಅಂತಾರ್ರಿ.”

ನನಗೆ ನಗು ತಡೆಯಲಾಗಲಿಲ್ಲ. ಆ ಎಮ್ಮೆಯ ಕರು ಸತ್ತ ಮೇಲೆ ಅದು ನನ್ನ ಬೈಗುಳಕ್ಕೆ ಹಾಲು ಇಳಿಸುವುದನ್ನು ರೂಢಿ ಮಾಡಿಕೊಂಡಿತ್ತು. ಅಮ್ಮಾ ಎಂದು ಅದನ್ನು ಯಾರೂ ಕರೆದಿರಲಿಲ್ಲ. ಈ ಸಂಗತಿಯನ್ನು ನನ್ನ ತಮ್ಮ ಟವೆಲ್ಲಿನ ಕೆಳಗೆ ಹೇಳಿರಲಿಲ್ಲ. ಅದಕ್ಕೆ ಯಾವ ಬೆರಳು ಹಿಡಿಯಬೇಕೋ ಅವನಿಗೂ ಗೊತ್ತಿರಲಿಕ್ಕಿಲ್ಲ. ಆ ಹೆಂಗಸಿನ ಮೇಲೆ ಕನಿಕರ ಬಂದು, ಫೋನನ್ನು ಎಮ್ಮೆಯ ಕಿವಿಗೆ ಹಿಡಿಯಲು ಹೇಳಿದೆ. ಹಿಡಿದೆವು ಎಂದರು.

“ಏನ ನಾಟಕ ಹಚ್ಚೀದಿಲೇ, ನಿನ್ನ ಬಾಯಾಗ ಮಣ್ಣ ಹಾಕ. ಹೊಟ್ಟಿ ತುಂಬ ಹಿಂಡಿ ತಿಂದು ಸುಮ್ಮ ನಿಂತಿ? ಬರ್ಲೇನ ಅಲ್ಲಿಗೆ?”

ಆ ಕಡೆಯಿಂದ ಬಕೆಟ್ಟಿನಲ್ಲಿ ಹಾಲು ಬೀಳುವ ಸಪ್ಪಳ ಕೇಳಿಸಿತು. ಮಾಸ್ತರರ ಹೆಂಡತಿ ಅತ್ತೇಬಿಟ್ಟಳು. ಆಮೇಲೆ ಇದೇ ನಿತ್ಯದ ಕೆಲಸವಾಯಿತು. ಬೆಳಿಗ್ಗೆ ಸಂಜೆ ನಾನು ಇಲ್ಲಿಂದ ಬೈಯುತ್ತಿದ್ದೆ, ಅದು ಅಲ್ಲಿ ಇಳಿಸುತ್ತಿತ್ತು. ಹಾಲು ಮಾತ್ರ ಅವರ ಮನೆಯಲ್ಲಿ.

ಆ ರವಿವಾರ ಕಾರು ಬಾದಾಮಿಗೆ ಹೊರಟಿತು. ಕಾರು ತಂದದ್ದೇ ಅದಕ್ಕೆ. ನನ್ನನ್ನು ಮುಂದೆ ಕೂರಿಸಿದರು. ಬಸ್ಸಿನ ಮೆಟ್ಟಿಲು ಎತ್ತರ, ನಿಜ, ಆದರೆ ಹಿಡಿದುಕೊಳ್ಳಲು ಕಬ್ಬಿಣದ ಸರಳಿದೆ. ಈ ಕಾರಿನ ಸೀಟು ನೆಲಕ್ಕೆ ತಾಗುವ ಹಾಗಿತ್ತು. ಬಾವಿಗೆ ಇಳಿದಂತೆ ಇಳಿದು ಕುಳಿತೆ. ಮೊಣಕಾಲು ಎದೆಗೆ ಬಂದವು. ಯಾರ ಸಲುವಾಗಿ ಕಾರು ಬಂದಿತ್ತೋ ಅವು ಕೆರೂರು ಬರುವುದರೊಳಗೆ ಅಳತೊಡಗಿದವು. ಕೆರೂರಿನಲ್ಲಿ ಕಾರಿಗೆ ನೀರು ಕುಡಿಸಿದೆವು. ಅದು ಕುಡಿದಷ್ಟು ನೀರನ್ನು ನನ್ನ ಎಮ್ಮೆ ಕುಡಿದಿದ್ದರೆ ಓಣಿಗೆಲ್ಲ ಮಜ್ಜಿಗೆ ಹಂಚುತ್ತಿದ್ದೆ.

ಷಡ್ಡಕನ ಮನೆಯ ಮುಂದೆ ಮಗ ಹಾರ್ನ್ ಹೊಡೆದ. ಹಾರ್ನ್ ಮಾತ್ರ ಹೊಸದರ ಹಾಗಿತ್ತು. ಅವನು ಒಂದು ಕಡೆಯಿಂದ ಇಳಿದ, ಸೊಸೆ ಹಿಂದಿನಿಂದ ಇಳಿದಳು, ಸೀರೆಯ ಮಡಿಕೆ ನೋಡಿಕೊಂಡಳು, ಇಬ್ಬರೂ ನಡೆದರು. ನನ್ನ ಕಡೆಯ ಬಾಗಿಲು ಒಳಗಿನಿಂದ ತೆಗೆಯಲು ಬರುತ್ತಿರಲಿಲ್ಲ. ಕೈಯಿಂದ ಬಡಿದೆ. ಗಾಜು ಕೆಳಗೆ ಇಳಿಯಲಿಲ್ಲ. ಬಿಸಿಲಿನಲ್ಲಿ, ಅಂಗಡಿಯಲ್ಲಿಟ್ಟ ಗೊಂಬೆಯ ಹಾಗೆ ಕುಳಿತೆ. ಗೇಟಿನ ಹತ್ತಿರ ಮಗ ಕಾರಿನ ಗುಣಗಾನ ಮಾಡುತ್ತಿರುವುದು ಕಾಣುತ್ತಿತ್ತು.

ಕೊನೆಗೆ ಬಂದು ಬಾಗಿಲು ತೆಗೆದವನು ಷಡ್ಡಕನೇ. “ಅಮ್ಮಾರ, ಒಳಗ ಕುಂತು ಏನ ಮಾಡಾಕತ್ತೀರಿ? ಬರ್ರಿ.” ಕೈ ಕೊಟ್ಟು ಎಳೆದ. ಆಮೇಲೆ ಕಾರಿನ ಮೇಲೊಮ್ಮೆ ಬಡಿದು ಮಗನಿಗೆ ಹೇಳಿದ, “ಚಲೋ ಐತಿ ಬಿಡ್ರಿ. ಡ್ರೈವಿಂಗ್ ಕಲ್ಯಾಕ ಇಂಥಾದ್ದ ಬೇಕು. ಎಲ್ಲಿ ಬಡದ್ರೂ ಸಂಕಟ ಇಲ್ಲ.”

ಮಗನ ಮುಖ ಕಾರಿನ ಬಣ್ಣಕ್ಕೆ ಬಂತು. ಇಷ್ಟಾದ ಮೇಲೆ ಅವನೇ ಬೇಡವೆನ್ನುತ್ತಾನೆ ಎಂದುಕೊಂಡೆ. ಅನ್ನಲಿಲ್ಲ. ಬದಲಾಗಿ ಬಾಗಿಲು ರಿಪೇರಿ ಮಾಡಿಸಲು ಹೊರಟ. ಸಿಟ್ಟು ಬಂದ ಗಂಡಸು ಹಾಳು ವಸ್ತುವನ್ನು ಬಿಸಾಡುವುದಿಲ್ಲ, ಅದಕ್ಕೇ ಇನ್ನಷ್ಟು ಸುರಿಯುತ್ತಾನೆ.

ನಾನು ಅಷ್ಟಕ್ಕೂ ಸುಮ್ಮನಿರುತ್ತಿದ್ದೆನೇನೋ. ಅವನಿಗೆ ಅಷ್ಟು ಆಸೆಯಿದ್ದರೆ ಇರಲಿ, ನನಗೂ ಸಗಣಿ ಬಳಿಯುವ ವಯಸ್ಸು ಮುಗಿಯುತ್ತ ಬಂತು ಎಂದು ಒಂದೆರಡು ಸಲ ಮನಸ್ಸಿಗೆ ಬಂದದ್ದೂ ಉಂಟು. ಆದರೆ ನನ್ನ ಎಲೆ ಅಡಿಕೆ ತೀರಿತು. ಹಾಲು ಕೊಳ್ಳುತ್ತಿದ್ದ ಮನೆಗಳವರು ಪ್ಯಾಕೆಟ್ಟಿಗೆ ಹೋಗಿದ್ದರು, ಕೈಯಲ್ಲಿ ಏನೂ ಇರಲಿಲ್ಲ. ಸಂಜೆ ಮಗ ಕಾರು ಒರೆಸುತ್ತ ನಿಂತಾಗ ಹೋಗಿ ಕೇಳಿದೆ.

“ಸ್ವಲ್ಪ ರೊಕ್ಕ ಕೊಡಪಾ.”

“ಯಾತಕ್ಕ?” ಎಂದ.

ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಹಾಗೆ ಅನ್ನುತ್ತಲೇ ಕಿಸೆಗೆ ಕೈ ಹಾಕಿದ್ದ, ಕೊಟ್ಟ ಕೂಡ. “ಸ್ವಲ್ಪ ಹಿಡತದಾಗ ಖರ್ಚ ಮಾಡ ಯವ್ವಾ, ಈ ತಿಂಗಳ ಟಯರ್ ಹಾಕ್ಸೂದೈತಿ” ಎಂದು ಮೇಲೆ ಎರಡು ಮಾತು ಸೇರಿಸಿದ. ಯಾತಕ್ಕ ಎನ್ನುವ ಮಾತು ಅವನಪ್ಪನದು. ಮೂವತ್ತು ವರ್ಷ ಅದನ್ನು ಕೇಳಿದ್ದೇನೆ. ಉಪ್ಪಿಗೆ ಯಾತಕ್ಕ, ಬಳೆಗೆ ಯಾತಕ್ಕ, ತವರಿಗೆ ಹೋಗುವುದು ಯಾತಕ್ಕ. ಗಂಡ ಸತ್ತಾಗ ಜನ ತಿಳಿದಷ್ಟು ನಾನು ಅಳಲಿಲ್ಲ. ಅತ್ತಷ್ಟಕ್ಕೆ ನಾಚಿಕೆಯಿಲ್ಲ, ಅಳದಷ್ಟಕ್ಕೂ ಇಲ್ಲ. ಆ ಮಾತು ಮನೆಯಿಂದ ಹೊರಗೆ ಹೋಗಿತ್ತು, ಈಗ ಕಾರಿನಲ್ಲಿ ಕುಳಿತು ವಾಪಸು ಬಂದಿದೆ ಎಂದು ಅನ್ನಿಸಿತು. ರೊಕ್ಕ ತೆಗೆದುಕೊಂಡೆ, ಎಲೆ ತಂದೆ, ಹಾಕಿಕೊಂಡೆ. ಅಗಿಯುತ್ತಲೇ ನಿರ್ಧಾರವಾಯಿತು.

ಮರುದಿನ ಬೆಳಿಗ್ಗೆ ಹುನಗುಂದದ ಫೋನು ಬಂತು. ಎಮ್ಮೆಯ ಕಿವಿಗೆ ಹಿಡಿದರು. ನಾನು ನಾಲ್ಕನೇ ಇಯತ್ತೆಯಲ್ಲಿ ಬಿಟ್ಟು ಬಂದ ಪುಸ್ತಕದ ಕನ್ನಡವನ್ನು ನೆನಪು ಮಾಡಿಕೊಂಡೆ.

“ಹೇಗಿದ್ದೀಯಮ್ಮಾ? ಆರೋಗ್ಯವಾಗಿದ್ದೀಯಾ? ದಯವಿಟ್ಟು ಸ್ವಲ್ಪ ಹಾಲು ಕೊಡಮ್ಮಾ, ಅವರಿಗೆ ತೊಂದರೆ ಆಗುತ್ತದೆ.”

ಎಮ್ಮೆ ಸ್ವಲ್ಪ ಹೊತ್ತು ಕೇಳಿಸಿಕೊಂಡಿರಬೇಕು. ಆಮೇಲೆ ಬಕೆಟ್ ಉರುಳಿದ ಸಪ್ಪಳವಾಯಿತು. ಮಾಸ್ತರರು ಏನೋ ಕೂಗಿದರು. ಸಂಜೆಯೂ ನಾನು ಬಹಳ ಮರ್ಯಾದೆಯಿಂದ ಮಾತಾಡಿಸಿದೆ. ಹಿಂದೆ ನಿಂತು ಕೇಳುತ್ತಿದ್ದ ಸೊಸೆ, “ಅತ್ತಿ, ನನ್ನ ಜೋಡಿ ಒಂದ ದಿವಸನೂ ಹಿಂಗ ಮಾತಾಡಿಲ್ಲ ನೀವು” ಎಂದಳು.

“ನಿನ್ನಿಂದ ನನಗ ಹಾಲ ಬೇಕಾಗಿಲ್ಲ. ಒಳಗ ನಡಿ.”

ಅವಳಿಗೆ ಎಲ್ಲ ತಿಳಿದಿತ್ತು. ಗಂಡನಿಗೆ ಹೇಳಲಿಲ್ಲ. ಯಾಕೆಂದು ನಾನೂ ಕೇಳಲಿಲ್ಲ. ಅವಳೂ ತಿಂಗಳಿಗೆ ಎಷ್ಟು ಸಲ ಯಾತಕ್ಕ ಎನ್ನಿಸಿಕೊಳ್ಳುತ್ತಾಳೋ.

ಎಂಟು ದಿನ ತುಂಬುವ ಮೊದಲೇ ಟೆಂಪೋ ಬಂದು ನಿಂತಿತು. ಮೇಲೆ ಎಮ್ಮೆ, ಮುಂದೆ ಮಾಸ್ತರರು, ಅವರ ಜೊತೆಗೆ ಕೆರೂರಿನಿಂದ ಕರೆಸಿದ ನನ್ನ ತಮ್ಮ. ಮಾಸ್ತರರ ಹಣೆಗೆ ಪಟ್ಟಿ. ಪದ್ಧತಿಯ ಪ್ರಕಾರ ದಲಾಲಿಯ ಮುಂದೆ ನಿಂತು ಹೇಳಿದರು, “ಎಮ್ಮಿ ಚಲೋನ ಐತ್ರಿ. ನಮಗ ಹೊಂದಲಿಲ್ಲ. ಬ್ಯಾಡ.”

ಮಗ ಅಷ್ಟಕ್ಕೆ ಬಿಡುವವನಲ್ಲ. “ಎಮ್ಮಿ ಬ್ಯಾಡಾದ್ರ ಬ್ಯಾಡ್ರಿ ಸರ್. ಕಾರಿನ ಪೂರ್ತಿ ರೊಕ್ಕಾ ಕೊಡ್ತೇನಿ” ಎಂದ. ಆಮೇಲೆ ನನ್ನ ಕಡೆಗೆ ತಿರುಗಿ ದನಿ ಇಳಿಸಿದ. “ಯವ್ವಾ, ಬರೂ ಸಂತಿಗೆ ಮಾಮಾ ಎಮ್ಮಿ ಹೊಡಕೊಂಡು ಹ್ವಾದ್ರ ಚಲೋ ರೇಟು ಬರ್ತೈತಿ.”

ತಮ್ಮ ಹೆಗಲ ಮೇಲಿನ ಟವೆಲ್ಲಿಗೆ ಕೈ ಹಾಕಿದ. “ಅದನ್ನ ಕೆಳಗಿಡು” ಎಂದೆ. ಇಟ್ಟ.

“ಕಾರ ಬೇಕಾದ್ರ ತೊಗೊ” ಎಂದೆ ಮಗನಿಗೆ. “ನಿನ್ನ ಪಗಾರದಾಗ ತೊಗೊ, ರಸ್ತೆದಾಗ ನಿಂದರಸು. ಎಮ್ಮಿ ನಂದು, ಕೊಟ್ಟಗಿ ನಂದು. ನಾ ಇರೂತನಕಾ ಎರಡೂ ಮಾರೂದಿಲ್ಲ. ಯಾತಕ್ಕ ಅಂತ ಮಾತ್ರ ಕೇಳಬ್ಯಾಡ.”

ಅವನು ಕೇಳಲಿಲ್ಲ. ಪಗಾರವನ್ನು ಮನಸ್ಸಿನಲ್ಲೇ ಕೂಡಿಸಿ ಕಳೆಯುತ್ತಿರುವುದು ಮುಖದ ಮೇಲೆ ಕಾಣಿಸಿತು. ಕೂಡಿ ಬರಲಿಲ್ಲ. ಕಿಸೆಯಿಂದ ಚಾವಿ ತೆಗೆದು ಮಾಸ್ತರರ ಕೈಗೆ ಕೊಟ್ಟ.

ಮಾಸ್ತರರು ಒಳಗೆ ಕುಳಿತು, ಅರ್ಧ ತಿರುವಿ, ಸುಮ್ಮನಿದ್ದು, ಒತ್ತಿದರು. ಕಾರು ಏಳಲಿಲ್ಲ. ತನ್ನ ಮನೆಯವರಿಗೇ ಏಳದ ಮೇಲೆ ಇನ್ನು ಯಾರಿಗೆ ಏಳುತ್ತದೆ. ಮಗ, ತಮ್ಮ, ಟೆಂಪೋದವನು ಮೂವರೂ ಹಿಂದಿನಿಂದ ನೂಕಿದರು. ಓಣಿಯ ಕೊನೆಯಲ್ಲಿ ಅದು ಕೆಮ್ಮಿ, ಮಗನ ಬಿಳಿ ಅಂಗಿಯ ಮೇಲೆ ಹೊಗೆ ಉಗುಳಿ ಹೊರಟುಹೋಯಿತು. ಅವನು ಅಲ್ಲಿಯೇ ನಿಂತು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಮನೆಗೆ ಬಂದು ಮೋಟರ್ ಸೈಕಲ್ ಒರೆಸತೊಡಗಿದ.

ನಾನು ಎಮ್ಮೆಯನ್ನು ಒಳಗೆ ತಂದೆ. ಸೊರಗಿತ್ತು. ಅದು ನನ್ನನ್ನು ಮೂಸಲೂ ಇಲ್ಲ, ತಿರುಗಿ ಹಿಂಭಾಗ ತೋರಿಸಿ ನಿಂತಿತು. ಸಂಜೆ ಹಿಂಡಲು ಕುಳಿತೆ. ಬಾಯಿಗೆ ಬಂದದ್ದನ್ನೆಲ್ಲ ಬೈದೆ. ಕಿವಿ ಆಡಿಸಿತು, ಹಾಲು ಇಳಿಸಲಿಲ್ಲ. ಬಹಳ ಹೊತ್ತಿನ ಮೇಲೆ ಅರ್ಧ ಚರಗಿಯಷ್ಟು ಕೊಟ್ಟಿತು. ಅದನ್ನು ಪಕ್ಕದ ಮನೆಯವಳಿಗೆ ಅಳೆದು, ರೊಕ್ಕ ಎಣಿಸಿಕೊಂಡು ಸೊಂಟದ ಚೀಲಕ್ಕೆ ಹಾಕಿದೆ. ಸೊಸೆ ಪ್ಯಾಕೆಟ್ ಹಾಲಿನ ಚಹಾ ತಂದು ಕೊಟ್ಟಳು. ನೀರಾಗಿತ್ತು. ಪೂರ್ತಿ ಕುಡಿದೆ.